ಆಚೆ ಮನೆಯ ಗಂಟು, ಪಾಯಿಂಟಿನ ಟಿಕೆಟ್ಟು

ನಾನು ಜಿಪುಣಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಸುಲ್ತಾನ್ ಬತ್ತೇರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಅಂಗಡಿಯಿದೆ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಮಳೆಗಾಲದಲ್ಲಿ ಮುನಿಸಿಕೊಳ್ಳುವ ಒಂದು ಪ್ರಿಂಟರು. ಪರೀಕ್ಷೆಯ ಫೀಸು, ಕರೆಂಟ್ ಬಿಲ್ಲು, ವಿಮೆಯ ಕಂತು, ರೈಲಿನ ಟಿಕೆಟ್ಟು, ಎಲ್ಲಕ್ಕೂ ಜನ ನಗದು ತಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ನಾನು ಆನ್‌ಲೈನಿನಲ್ಲಿ ಕಟ್ಟಿ ರಸೀದಿ ಕೊಡುತ್ತೇನೆ. ಕಟ್ಟುವುದು ಮಾತ್ರ ನನ್ನ ಕ್ರೆಡಿಟ್ ಕಾರ್ಡಿನಿಂದ. ಅವರ ನಗದು ಬ್ಯಾಂಕಿಗೆ ಹೋಗುತ್ತದೆ, ಗಡುವಿಗೆ ಮುಂಚೆಯೇ ಕಾರ್ಡಿನ ಬಿಲ್ಲು ತೀರುತ್ತದೆ, ಕಟ್ಟಿದ್ದಕ್ಕೆಲ್ಲ ಕಾರ್ಡಿನವರು ಇನಾಮಾಗಿ ಉದುರಿಸುವ ಪಾಯಿಂಟು ನನ್ನ ಪಾಲಿಗೆ. ಕಾರ್ಡಿನವರಿಗೆ ಇದು ಗೊತ್ತಾದರೆ ಅಷ್ಟೇನೂ ಖುಷಿಯಾಗುತ್ತಿರಲಿಲ್ಲ. ಊರಿನವರಿಗೂ ಗೊತ್ತಿಲ್ಲ, ನಾನು ಹೇಳಲೂ ಹೋಗಿಲ್ಲ.

ಮೊದಮೊದಲು ಆ ಪಾಯಿಂಟಿಗೆ ಒಂದು ಮಿಕ್ಸಿ, ಒಂದು ಗೋಡೆ ಗಡಿಯಾರ ತರಿಸಿಕೊಂಡೆ. ಆಮೇಲೆ ಬುದ್ಧಿ ಬಂತು. ಪಾಯಿಂಟನ್ನು ವಿಮಾನ ಕಂಪನಿಯ ಖಾತೆಗೆ ದಾಟಿಸಿದರೆ ಸೀಟು ಸಿಗುತ್ತದೆ, ತೆರಿಗೆಯಷ್ಟನ್ನೇ ಕೈಯಿಂದ ಕೊಟ್ಟರೆ ಸಾಕು ಎನ್ನುವುದು ತಿಳಿಯಿತು. ಕೆಲವು ತಿಂಗಳು ದಾಟಿಸಿದರೆ ಮೇಲಿಷ್ಟು ಕೊಸರು ಕೊಡುತ್ತಾರೆ. ವಾರದ ನಡುವಿನ ದಿನಗಳಲ್ಲಿ ಕಡಿಮೆ ಪಾಯಿಂಟಿಗೆ ಸೀಟು ಬಿಡುತ್ತಾರೆ. ಕಂಪನಿಯವರೇ ಹೊರಡುವ ಹೊತ್ತು ಬದಲಾಯಿಸಿದರೆ ನಮಗೆ ಬೇಕಾದ ಬೇರೆ ದಿನವನ್ನು ಪುಕ್ಕಟೆಯಾಗಿ ಕೇಳಬಹುದು. ಈ ನಿಯಮಗಳನ್ನೆಲ್ಲ ಬೇರೆ ಹೆಂಗಸರು ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ನೋಡುವಷ್ಟು ಆಸೆಯಿಂದ ನಾನು ಓದಿದೆ. ಒಮ್ಮೆ ಅವಧಿ ಮುಗಿಯುವ ಪಾಯಿಂಟು ಹಾಳಾಗಬಾರದೆಂದು ಹೈದರಾಬಾದಿಗೆ ಹೋಗಿ ಮರುದಿನ ವಾಪಸ್ ಬಂದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ನಮ್ಮ ಮನೆ ಪೆರಿಕಲ್ಲೂರಿನಲ್ಲಿ, ಕಬಿನಿಯ ಈಚೆ ದಡದಲ್ಲಿ. ಹೊಳೆಯ ಆಚೆ ಕರ್ನಾಟಕ. ಅಜ್ಜನ ಕಾಲದಲ್ಲಿ ಆ ಕಡೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತವರು ನಾವು. ಮನೆಯೊಳಗೆ ಕನ್ನಡ, ಬೇಲಿ ದಾಟಿದರೆ ಮಲಯಾಳ. ಮನೆಯಲ್ಲಿರುವುದು ಅವ್ವ ಮತ್ತು ನಾನು. ಅವ್ವನಿಗೆ ಒಡಹುಟ್ಟಿದವಳು ಒಬ್ಬಳೇ, ನನ್ನ ಚಿಕ್ಕವ್ವ. ಅವಳ ಗಂಡ ಇಲ್ಲಿಯ ಚಹಾ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದವನು, ಹೆಚ್ಚಿನ ಸಂಬಳಕ್ಕೆಂದು ಅಸ್ಸಾಮಿಗೆ ಹೋದ. ಹೋದವನು ಅಲ್ಲಿಯೇ ತೀರಿಕೊಂಡ. ಚಿಕ್ಕವ್ವ ಗುವಾಹಟಿಯಲ್ಲಿ ಮಗಳ ಮನೆಯಲ್ಲಿ ಉಳಿದಳು. ಅಕ್ಕತಂಗಿಯರು ಮುಖ ನೋಡಿ ಹನ್ನೆರಡು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ದೋಸೆಯ ಹೊತ್ತಿಗೆ ಫೋನು ಮಾತ್ರ ತಪ್ಪುತ್ತಿರಲಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಚಿಕ್ಕವ್ವ ಫೋನಿನಲ್ಲಿ ಒಂದೇ ಮಾತನ್ನು ಎರಡು ಸಲ, ಮೂರು ಸಲ ಕೇಳತೊಡಗಿದಳು. ಎಮ್ಮೆ ಕರು ಹಾಕಿತಾ ಎಂದು ಕೇಳಿದಳು. ಆ ಎಮ್ಮೆ ಸತ್ತು ಮೂವತ್ತು ವರ್ಷ. ಅವಳ ಮಗಳು ನನಗೆ ಬೇರೆಯಾಗಿ ಫೋನು ಮಾಡಿದಳು. ಅಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ತಡವರಿಸುತ್ತದೆ. "ಅಕ್ಕ, ಡಾಕ್ಟರ್ ಹೇಳಿದ್ರು. ಅಮ್ಮಂಗೆ ಮರೆವಿನ ರೋಗ. ಇನ್ನೂ ಜಾಸ್ತಿ ಆಗ್ತದೆ ಅಂತೆ. ದೊಡ್ಡವ್ವನ್ನ ಕರ್ಕೊಂಡು ಬರ್ತೀರಾ?"

ಅವ್ವನಿಗೆ ಹೇಳಿದೆ. ಅವಳು ಮೆಣಸಿನಲ್ಲಿ ಕೈಯಾಡಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅವ್ಳ ಬಾಯಲ್ಲಿ ಅಕ್ಕ ಅನ್ನೋ ಕೂಗು ಇರೋವಾಗ್ಲೇ ಓಗ್ಬೇಕು ಕಣಮ್ಮಿ," ಎಂದಳು. "ಒಂದ್ ಸಲ ಎದುರ್ಗೆ ಕೂತ್ಕಂಡು ಕರುಸ್ಕಂಡ್ರೆ ಸಾಕು ನಂಗೆ."

ಅವ್ವ ನನ್ನಲ್ಲಿ ಏನನ್ನೂ ಕೇಳುವವಳಲ್ಲ. ಇದೊಂದನ್ನು ಕೇಳಿದಳು. ಮೂರು ದಿನದ ರೈಲಿನಲ್ಲಿ ಕೂರಲು ಅವಳ ಸೊಂಟ ಬಿಡುವುದಿಲ್ಲ. ವಿಮಾನವೇ ಆಗಬೇಕು. ದುಡ್ಡು ಕೊಟ್ಟು ಅವತ್ತೇ ಎರಡು ಟಿಕೆಟ್ ಕೊಳ್ಳಬಹುದಿತ್ತು. ದುಡ್ಡಿತ್ತು. ಆದರೆ ವಿಮಾನಕ್ಕೆ ದುಡ್ಡು ಕೊಡುವವರು ದಡ್ಡರು ಎಂದು ಅಷ್ಟು ವರ್ಷ ಬೀಗಿದವಳು ನಾನು. ಪಾಯಿಂಟಿನಲ್ಲಿ ಬೆಂಗಳೂರಿನಿಂದ ಗುವಾಹಟಿಗೆ, ಓಣಂಗೆ ಹತ್ತು ದಿನ ಮುಂಚಿನ ಒಂದು ಬುಧವಾರಕ್ಕೆ, ಎರಡು ಸೀಟು ಮಾಡಿದೆ.

"ಪುಕ್ಕಟೆ ಅವ್ವಾ," ಎಂದೆ.

"ಪುಕ್ಕಟೆ ಯಾರ್ ಕೊಟ್ಟಾರು?" ಎಂದಳು ಅವ್ವ. "ಯಾತುಕ್ಕೋ ಕೊಟ್ಟಿರ್ತಾರೆ, ಕೇಳ್ಕಂಡೀಯಾ?"

ಬುಧವಾರದ ವಿಮಾನವೆಂದರೆ ಮನೆಯಿಂದ ಮಂಗಳವಾರ ಹೊರಡಬೇಕು. ಮಂಗಳವಾರ ಅವ್ವ ದೂರದ ಪಯಣಕ್ಕೆ ಹೊಸಿಲು ದಾಟುವವಳಲ್ಲ. ಅದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ. ಒಳ್ಳೆಯ ದಿನ ನೋಡಿ ಪಯಣದ ಗಂಟನ್ನು ಮೊದಲೇ ಪಕ್ಕದ ಮನೆಯಲ್ಲಿಟ್ಟು ಬರುವುದು. ಅಲ್ಲಿಗೆ ನಾವು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ವಾರ ಹೋದರೂ ದೋಷವಿಲ್ಲ, ದಾರಿಯಲ್ಲಿ ಗಂಟು ಎತ್ತಿಕೊಂಡು ಹೋದರಾಯಿತು. ಪುಸ್ತಕದಲ್ಲಿ ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಂಟು ಆಚೆ ಮಡಗುವುದು ಎನ್ನುತ್ತಾರೆ. ಒಂದೇ ಕಟ್ಟುನಿಟ್ಟು: ಆಚೆ ಇಟ್ಟ ಗಂಟು ಪಯಣ ಮುಗಿಯುವ ತನಕ ಮನೆಗೆ ಮರಳಬಾರದು, ನಡುವೆ ಬಿಚ್ಚಲೂ ಬಾರದು. ಮರಳಿದರೆ ಪಯಣ ಮುರಿದ ಹಾಗೆ.

ಹಿಂದಿನ ಶುಕ್ರವಾರ ಅವ್ವ ಒಂದು ಚೀಲ ತುಂಬಿ, ಬಾಯಿ ಹೊಲಿದು, ಪಕ್ಕದ ಮನೆಯ ಚೇಚಿಯ ಕೈಗೆ ಕೊಟ್ಟು ಬಂದಳು. ಚೇಚಿ ಎಂದರೆ ಅಕ್ಕ; ಅವಳು ಮಲಯಾಳಿ ಕ್ರೈಸ್ತಳು. ನಲವತ್ತು ವರ್ಷದ ನೆರೆ. ನಮ್ಮ ಗಂಟಿನ ಕಥೆ ಅವಳಿಗೆ ಹೊಸದಲ್ಲ. ಮೇರಿ ಮಾತೆಯ ಪಟದ ಕೆಳಗೆ ಸ್ಟೂಲು ಹಾಕಿ ಅದರ ಮೇಲಿಟ್ಟಳು. ಆ ಭಾನುವಾರ ಅವ್ವ ಫೋನಿನಲ್ಲಿ ತಂಗಿಗೆ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಗಂಟು ಆಚೆ ಮಡಗಿವ್ನಿ ಕಣವ್ವಾ. ಹೊಂಟಂಗೇ ಅನ್ಕೋ. ಇಮಾನದಲ್ಲಿ ಬತ್ತೀನಿ, ಕೂಸು ಟಿಕೇಟು ಮಾಡವ್ಳೆ."

ಅತ್ತ ಕಡೆಯಿಂದ ಚಿಕ್ಕವ್ವ ನಕ್ಕಿದ್ದು ನನಗೂ ಕೇಳಿಸಿತು. "ಬಾ ಅಕ್ಕಾ," ಎಂದಳು.

ಸೋಮವಾರ ಅಂಗಡಿಯಲ್ಲಿ ಕೂತು ಸುಮ್ಮನೆ ಕಂಪನಿಯ ಪುಟ ತೆರೆದು ನೋಡಿದೆ. ಅದು ನನ್ನ ಚಟ. ಓಣಂ ಗದ್ದಲ ಕಳೆದ ಮೇಲೆ, ನವೆಂಬರಿನಲ್ಲಿ, ಅದೇ ದಾರಿಗೆ ಹತ್ತಿರ ಹತ್ತಿರ ಅರ್ಧ ಪಾಯಿಂಟು. ದಿನ ಬದಲಾಯಿಸಲು ಶುಲ್ಕವಿಲ್ಲ, ಹೊರಡುವ ಹಿಂದಿನ ದಿನದ ತನಕ ಅವಕಾಶ. ಉಳಿದ ಪಾಯಿಂಟಿನಲ್ಲಿ ವಾಪಸು ಬರುವ ಟಿಕೆಟ್ಟೂ ಆಗುತ್ತಿತ್ತು. ಕೈ ತಾನಾಗಿ ಹೋಯಿತು. ಬದಲಾಯಿಸಿದೆ.

ಸಂಜೆ ಮನೆಗೆ ಹೋಗಿ ಹೇಳಿದಾಗ ಅವ್ವ ಜಗಲಿಯ ಮೇಲೆ ಕೂತು ಹೊಸ ಚಪ್ಪಲಿಯ ಪಟ್ಟಿ ಹಾಕಿ ತೆಗೆದು ನೋಡುತ್ತಿದ್ದಳು.

"ಗಂಟು ಆಗ್ಲೇ ಆಚೆ ಓಗೈತಲ್ಲಮ್ಮಿ."

"ಅಲ್ಲೇ ಇರ್ಲಿ ಬಿಡವ್ವ. ಎರಡು ತಿಂಗಳು ತಾನೆ."

"ಎರಡು ತಿಂಗ್ಳು ಗಂಟು ಆಚೆ ಇರಾದುಂಟಾ?"

ಆದರೂ ವಾಪಸ್ ತರಲಿಲ್ಲ. ಕಾಯಿಲೆಯ ತಂಗಿಯ ಮನೆಗೆ ಹೊರಟ ಗಂಟನ್ನು ಹಿಂದಕ್ಕೆ ತರಲು ಅವಳಿಗೆ ಧೈರ್ಯವಾಗಲಿಲ್ಲ. ಭಾನುವಾರ ತಂಗಿಗೆ ಮತ್ತದೇ ಹೇಳಿದಳು, ಹೊಂಟಿವ್ನಿ, ಗಂಟು ಆಚೆ ಐತೆ, ಬತ್ತೀನಿ. ಮುಂದಿನ ಭಾನುವಾರವೂ ಅದನ್ನೇ.

ಅಕ್ಟೋಬರಿನಲ್ಲಿ ಚಿಕ್ಕವ್ವನ ಮಗಳು ಫೋನು ಮಾಡಿದಳು. "ಅಕ್ಕ, ನಿನ್ನೆ ಅಮ್ಮ ನನ್ನೇ ಯಾರು ಅಂತ ಕೇಳಿದ್ರು. ಸ್ವಲ್ಪ ಬೇಗ ಆಗ್ತದಾ?" ನಾನು ಜೆರಾಕ್ಸ್ ಮಷೀನಿನಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸುತ್ತಿದ್ದೆ. ನವೆಂಬರ್ ಬಂದೇಬಿಟ್ಟಿತಲ್ಲ ಎಂದೆ. ನವೆಂಬರಿನ ಮೊದಲ ವಾರದಲ್ಲಿ ಕಂಪನಿಯವರು ವಿಮಾನದ ಹೊತ್ತನ್ನು ಬೆಳಿಗ್ಗೆಯಿಂದ ಸಂಜೆಗೆ ತಳ್ಳಿದರು. ಅಂದರೆ ನಾನು ಯಾವ ದಿನ ಕೇಳಿದರೂ ಪುಕ್ಕಟೆ ಕೊಡಬೇಕು. ಇಂಥ ಅವಕಾಶಕ್ಕಾಗಿ ಜನ ಹಗಲೂ ಇರುಳೂ ಕಾಯುತ್ತಾರೆ, ನನಗೆ ತಾನಾಗಿ ಒಲಿದು ಬಂದಿತ್ತು. ಜನವರಿಯ ಕೊನೆ ಕೇಳಿದೆ. ಆ ಹೊತ್ತಿಗೆ ಕಾರ್ಡಿನವರ ಕೊಸರೂ ಸೇರಿ, ಮುಂದಿನ ಸಾಲಿನ ಅಗಲವಾದ ಸೀಟು ಅವ್ವನಿಗೆ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವನ ಸೊಂಟಕ್ಕಾಗಿ ಅಂತ. ಸುಳ್ಳು. ಗೆದ್ದ ಸಂತೋಷ ಬಿಟ್ಟರೆ ನನ್ನ ತಲೆಯಲ್ಲಿ ಆ ಕ್ಷಣ ಬೇರೇನೂ ಇರಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಹೊಸ ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು.

ಬಾಯಿಬಿಟ್ಟು ಅಂದವಳು ಚೇಚಿ. ಕ್ರಿಸ್‌ಮಸ್ ಮುಗಿದ ಮೇಲೆ ಒಂದು ಬೆಳಿಗ್ಗೆ ಕೇಕಿನ ತುಂಡು ಕೊಡಲು ಬಂದವಳು ಬಾಗಿಲಲ್ಲೇ ನಿಂತು ಮಲಯಾಳದಲ್ಲಿ ಶುರುಮಾಡಿದಳು. "ನಿಮ್ಮ ಗಂಟು ನಮ್ಮ ಮನೆಯಲ್ಲಿ ಓಣಂ ಉಂಡಿತು, ಕ್ರಿಸ್‌ಮಸ್ಸೂ ಉಂಡಿತು. ಇನ್ನು ಅದಕ್ಕೊಂದು ರೇಷನ್ ಕಾರ್ಡು ಮಾಡಿಸಿಕೊಡು ಮೋಳೇ, ನಿನ್ನ ಅಂಗಡಿಯಲ್ಲೇ ಆಗುತ್ತಲ್ಲ." ನಾನು ನಕ್ಕೆ. ಅವಳು ನಗಲಿಲ್ಲ. "ನಿನ್ನ ಅಮ್ಮ ದಿನಾ ಸಂಜೆ ಬಂದು ಅದರ ಮುಂದೆ ಕೂತು ಹೋಗುತ್ತಾಳೆ. ನಿನಗೆ ಗೊತ್ತಾ?" ಎಂದಳು.

ನನಗೆ ಗೊತ್ತಿರಲಿಲ್ಲ. ಸಂಜೆ ನಾನು ಅಂಗಡಿಯಲ್ಲಿರುತ್ತಿದ್ದೆ. ಅವತ್ತು ಬತ್ತೇರಿಯ ಬಸ್ಸಿನಲ್ಲಿ ಕೂತು ಮೊಬೈಲು ತೆಗೆದು, ದುಡ್ಡು ಕೊಟ್ಟು ನಾಳೆಯ ಟಿಕೆಟ್ ಮಾಡೋಣ ಎಂದು ದರ ನೋಡಿದೆ. ಹೊಸ ವರ್ಷದ ರಜೆಯ ದರ. ಮಾಮೂಲಿನ ಮೂರರಷ್ಟು. ಇನ್ನು ಮೂರೂವರೆ ವಾರ ತಾನೆ ಎಂದು ಮೊಬೈಲನ್ನು ಚೀಲಕ್ಕೆ ಹಾಕಿದೆ. ಆ ಬಸ್ಸು, ಆ ಕಿಟಕಿಯ ಸೀಟು, ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಜನವರಿಯ ಕೊನೆಯ ಮಂಗಳವಾರ ಹೊರಟೆವು. ಚೇಚಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಬಸ್ಸಿನ ತನಕ ತಂದುಕೊಟ್ಟಳು. ಬತ್ತೇರಿಯಲ್ಲಿ ಮೈಸೂರು ಬಸ್ಸು ಹತ್ತಿದೆವು. ಗುಂಡ್ಲುಪೇಟೆ ದಾಟುವಾಗ ಅವ್ವ ಕಿಟಕಿಯಾಚೆ ನೋಡುತ್ತ, ಚಿಕ್ಕವ್ವ ಎಲೆಯಡಿಕೆ ಕದ್ದು ತಿಂದು ಅಜ್ಜಿಯ ಕೈಲಿ ಹೊಡೆತ ತಿಂದ ಕಥೆ ಹೇಳಿದಳು. ನನಗೆ ಹೇಳಿದ್ದಲ್ಲ, ಬಾಯಿಪಾಠ ಮಾಡಿಕೊಂಡದ್ದು. ಯಾವ ಯಾವ ಕಥೆ ತೆಗೆದರೆ ತಂಗಿಗೆ ನೆನಪು ಬರಬಹುದೆಂದು ಲೆಕ್ಕ ಹಾಕುತ್ತಿದ್ದಳು. ಆ ರಾತ್ರಿ ಬೆಂಗಳೂರಿನ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋದೆವು.

ಸಾಮಾನು ಒಪ್ಪಿಸುವಲ್ಲಿ ಗಂಟು ಸಿಕ್ಕಿಬಿತ್ತು. ಒಳಗೆ ಕೊಬ್ಬರಿಯಿದೆ, ವಿಮಾನದಲ್ಲಿ ಒಣಕೊಬ್ಬರಿಗೆ ಬೆಂಕಿಯ ಭಯ, ತೆಗೆಯಬೇಕು ಎಂದರು. ಊರಿಗೆಲ್ಲ ನಿಯಮ ಹೇಳಿಕೊಡುವ ನನಗೆ ಇದು ಗೊತ್ತಿತ್ತು. ಆದರೆ ಗಂಟಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಹೊಲಿದ ಗಂಟನ್ನು ಬಿಚ್ಚಿ ನೋಡುವ ಹಾಗಿರಲಿಲ್ಲವಲ್ಲ.

"ಓಗಿ ಮುಟ್ಟಾಗಂಟ ಬಿಚ್ಬಾರ್ದು ಕಣಪ್ಪಾ," ಎಂದು ಅವ್ವ ಅಲ್ಲಿದ್ದ ಹುಡುಗನಿಗೆ ಹೇಳಿದಳು. ಅವನು ಹಿಂದಿಯವನು. ಅರ್ಥವಾಗದೆ ನನ್ನ ಮುಖ ನೋಡಿದ.

ನಾನೇ ಅವನಿಂದ ಬ್ಲೇಡು ಇಸಿದುಕೊಂಡು ಹೊಲಿಗೆ ಬಿಚ್ಚಿದೆ. ಕೊಬ್ಬರಿ ಬಟ್ಟಲು ಎಂಟು ಇದ್ದವು. ಅವುಗಳ ಕೆಳಗೆ ಹುರಿದ ರಾಗಿಹಿಟ್ಟು, ಹುಳ ಬಿದ್ದು ಬಲೆ ಕಟ್ಟಿತ್ತು. ಪರಿಮಳದ ಅಕ್ಕಿಯಲ್ಲಿ ಮುಗ್ಗಿನ ವಾಸನೆ. ಐದು ತಿಂಗಳು ಮಾತೆಯ ಪಟದ ಕೆಳಗೆ ಕೂತು ಕೂತು ಎಲ್ಲ ಹಾಳಾಗಿತ್ತು. ಕೆಟ್ಟಿರದಿದ್ದುದು ತಳದಲ್ಲಿದ್ದ ಒಂದು ಸೀರೆ ಮಾತ್ರ. ಹಾಳಾದುದನ್ನೆಲ್ಲ ಅಲ್ಲೇ ಬುಟ್ಟಿಗೆ ಹಾಕಿ, ಸೀರೆಯನ್ನು ಮಡಿಚಿ ಅವ್ವನ ಕೈಗೆ ಕೊಟ್ಟೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಒಳಗೆ, ಕಾರ್ಡು ತೋರಿಸಿದರೆ ಊಟ ಕೊಡುವ ಕೋಣೆಗೆ ಕರೆದುಕೊಂಡು ಹೋದೆ. ಇಡ್ಲಿ, ಉಪ್ಪಿಟ್ಟು, ಹಣ್ಣು, ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಅವ್ವ ಸುತ್ತ ನೋಡಿದಳು. "ಯಾರ ಮದ್ವೆ ಇದು?" ಎಂದು ಕೇಳಿದಳು. ಅವತ್ತು ಅವಳು ಆಡಿದ ಒಂದೇ ತಮಾಷೆ. ಒಂದು ಇಡ್ಲಿಯನ್ನು ಅರ್ಧ ತಿಂದು ಎದ್ದಳು. ವಿಮಾನದ ಮುಂದಿನ ಸಾಲಿನ ಅಗಲವಾದ ಸೀಟಿನಲ್ಲಿ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಗಂಟೆ ನೆಟ್ಟಗೆ ಕೂತಳು, ಒರಗಲೇ ಇಲ್ಲ.

ಗುವಾಹಟಿಯ ಮನೆ ಎರಡನೆಯ ಮಹಡಿಯಲ್ಲಿ. ಚಿಕ್ಕವ್ವ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಗುಂಡುಮುಖದ ಚಿಕ್ಕವ್ವ ಒಣಗಿಹೋಗಿದ್ದಳು. ಅವ್ವ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಹೋಗಿ ಅವಳೆದುರು ನಿಂತಳು.

ಚಿಕ್ಕವ್ವ ತಲೆಯೆತ್ತಿ ನೋಡಿದಳು. ನೆಂಟರಿಗೆ ನಗುವ ಹಾಗೆ ಚೆನ್ನಾಗಿ ನಕ್ಕಳು.

"ಬನ್ನಿ, ಕೂತ್ಕಳಿ," ಎಂದಳು. ಕನ್ನಡದಲ್ಲೇ. ಮಗಳ ಜೊತೆ ಆಡುತ್ತಿದ್ದ ಹಿಂದಿ ಮರೆತಿದ್ದಳು, ಅಸ್ಸಾಮಿ ಮರೆತಿದ್ದಳು, ನಮ್ಮ ಹೊಳೆದಡದ ಕನ್ನಡ ಹಾಗೇ ಇತ್ತು. "ಎಲ್ಲಿಂದ ಬಂದ್ರಿ? ನಾನು ನಮ್ಮಕ್ಕನ್ನ ಕಾಯ್ತಾ ಕೂತಿವ್ನಿ. ಊರಿಂದ ಹೊಂಟವ್ಳೆ. ಗಂಟು ಆಚೆ ಮಡಗವ್ಳಂತೆ. ಇಮಾನದಲ್ಲಿ ಬತ್ತಾವ್ಳೆ, ಕೂಸು ಟಿಕೇಟು ಮಾಡವ್ಳೆ."

ಐದು ತಿಂಗಳ ಭಾನುವಾರಗಳಲ್ಲಿ ಅವ್ವ ಹೇಳಿದ ಮಾತು ಅಕ್ಷರ ಬಿಡದೆ ಉಳಿದಿತ್ತು. ಉಳಿದದ್ದು ಅದೇ. ಎದುರಿಗೆ ನಿಂತ ಅಕ್ಕ ಯಾರೆಂದು ಗೊತ್ತಿರಲಿಲ್ಲ.

"ಅಮ್ಮ, ಇವ್ರೇ ದೊಡ್ಡವ್ವ," ಎಂದು ಮಗಳು ಹೇಳಹೊರಟಳು. ಅವ್ವ ಕೈಸನ್ನೆಯಿಂದ ತಡೆದಳು. ಕುರ್ಚಿ ಎಳೆದುಕೊಂಡು ತಂಗಿಯ ಪಕ್ಕದಲ್ಲಿ ಕೂತಳು.

"ಬರ್ಲಿ ಕಣವ್ವಾ," ಎಂದಳು. "ನಂಗೂ ಕೆಲ್ಸ ಇಲ್ಲ. ನಾನೂ ನೋಡ್ಕಂಡೇ ಓಯ್ತೀನಿ."

ನಾನು ಅಡಿಗೆಮನೆಗೆ ಹೋಗಿ ಅತ್ತೆ. ಚಿಕ್ಕವ್ವನ ಮಗಳು ನನ್ನ ಭುಜದ ಮೇಲೆ ಕೈಯಿಟ್ಟು, ಓಣಂ ಹೊತ್ತಿಗೆ ಅಮ್ಮ ದಿನಕ್ಕೆ ಹತ್ತು ಸಲ ಅಕ್ಕನ ಫೋಟೋ ನೋಡಿ ಮಾತಾಡುತ್ತಿದ್ದಳು, ಕ್ರಿಸ್‌ಮಸ್ ಕಳೆದ ಮೇಲೆ ಫೋಟೋದಲ್ಲಿರುವುದು ಯಾರು ಎಂದು ಕೇಳತೊಡಗಿದಳು ಎಂದಳು. ಅವಳು ದೂರಲಿಲ್ಲ, ನಡೆದದ್ದನ್ನು ಹೇಳಿದಳು ಅಷ್ಟೆ. ನಾನು ಅವಳಿಗೆ ಬಸ್ಸಿನಲ್ಲಿ ದರ ನೋಡಿದ ವಿಷಯ ಹೇಳಲಿಲ್ಲ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಅಲ್ಲಿ ಎಂಟು ದಿನ ಇದ್ದೆ. ಅವ್ವ ದಿನಾ ತಂಗಿಯ ತಲೆ ಬಾಚಿದಳು, ಉಗುರು ಕತ್ತರಿಸಿದಳು, ಊರಿನಿಂದ ತಂದ ಸೀರೆ ಉಡಿಸಿದಳು. ಎಲೆಯಡಿಕೆಯ ಕಥೆ ಹೇಳಿದಾಗ ಚಿಕ್ಕವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮಕ್ಕಂಗೂ ಈ ಕಥೆ ಗೊತ್ತು, ಬಂದಾಗ ಕೇಳಿ," ಎಂದಳು. ಅವ್ವ ಆಗಲಿ ಎಂದಳು.

ಏಳನೆಯ ದಿನ ಅವ್ವ ನನ್ನನ್ನು ಬಾಲ್ಕನಿಗೆ ಕರೆದಳು. "ನನ್ ಟಿಕೇಟು ಇನ್ನೂ ಮುಂದುಕ್ ಆಕಕ್ಕೆ ಆಯ್ತದಾ?"

"ಯಾವ ದಿನಕ್ಕೆ ಅವ್ವಾ?"

"ದಿನ ಗೊತ್ತಿಲ್ಲ. ಅವ್ಳು ಇರಾಗಂಟ ಇರ್ತೀನಿ. ನೀನು ಓಗು, ಅಂಗ್ಡಿ ನೋಡ್ಕೋ."

ದಿನ ಗೊತ್ತಿಲ್ಲದ ಟಿಕೆಟ್ ಯಾವ ನಿಯಮದಲ್ಲೂ ಇಲ್ಲ. ರದ್ದು ಮಾಡಿದೆ. ಐದು ನಿಮಿಷದೊಳಗೆ ಮೊಬೈಲಿಗೆ ಸಂದೇಶ ಬಂತು, ಪಾಯಿಂಟುಗಳನ್ನು ನಿಮ್ಮ ಖಾತೆಗೆ ಮರಳಿಸಲಾಗಿದೆ, ಮತ್ತೆ ಪ್ರಯಾಣಿಸಿ ಎಂದು. ಮೊದಲಾಗಿದ್ದರೆ ಅದನ್ನು ಎರಡು ಸಲ ಓದುತ್ತಿದ್ದೆ.

ಮರುದಿನ ನಾನು ಹೊರಡುವಾಗ ಚಿಕ್ಕವ್ವನ ಕಾಲು ಮುಟ್ಟಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಯಾರೆಂದು ಗೊತ್ತಾಗಿ ಅಲ್ಲ. ಹೊರಗೆ ಹೋಗುವವರ ಕೈಲಿ ಒಂದು ಕೆಲಸ ಹೇಳಿ ಕಳಿಸಲು.

"ನೀನು ಆ ಕಡೆ ಓಯ್ತೀಯಲ್ವಾ ಮಗಾ. ಪೆರಿಕಲ್ಲೂರ್ನಲ್ಲಿ ನಮ್ಮಕ್ಕನ ಮಗಳವ್ಳೆ, ಟಿಕೇಟು ಮಾಡೋಳು. ಜಾಸ್ತಿ ದಿನ ತಗಾಬ್ಯಾಡ ಅಂತೇಳು ಅವ್ಳಿಗೆ. ನಂಗೆ ಎಲ್ಲಾ ಮರ್ತೋಯ್ತಾ ಐತೆ."

"ಹೇಳ್ತೀನಿ ಚಿಕ್ಕವ್ವ," ಎಂದೆ.

ಅವ್ವ ಪಕ್ಕದಲ್ಲೇ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ತಂಗಿಯ ಸ್ವೆಟರಿನ ಗುಂಡಿ ಹಾಕುತ್ತಿದ್ದಳು.